ಹೆಸರು ಕೇಳದಿದ್ದರೂ ನಿಜ ಬರುತ್ತಿಲ್ಲ: ಪ್ರಶ್ನಾವಳಿಯ ದೋಷ ಹುಡುಕುವ ಕೈಪಿಡಿ

ಲಕ್ಷಣ ಸಾಮಾನ್ಯವಾಗಿ ಹೀಗಿರುತ್ತದೆ. ಶಿರಾ ತಾಲ್ಲೂಕಿನ ನಾಲ್ಕು ಊರು ಸುತ್ತಿ 180 ಫಾರಂ ತುಂಬಿಸಿಕೊಂಡು ಬಂದಿದ್ದೀರಿ. ಮೇಲ್ಗಡೆ ದಪ್ಪಕ್ಷರದಲ್ಲಿ ‘ಹೆಸರು ಬರೆಯಬೇಡಿ’ ಎಂದು ಅಚ್ಚು ಹಾಕಿಸಿದ್ದೀರಿ. ಎಂಟ್ರಿ ಮುಗಿಸಿ ನೋಡಿದರೆ ನಾಲ್ಕು ಊರಿಗೂ ಸೇರಿ ಕುಡಿಯುವವರು ಮೂರೇ ಜನ, ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಎತ್ತಿದವರು ಒಬ್ಬರೂ ಇಲ್ಲ, ಶೌಚಾಲಯವಂತೂ ಮನೆಮಂದಿಯೆಲ್ಲ ದಿನಾ ಬಳಸುತ್ತಾರೆ. ಸಂಜೆ ಆರಕ್ಕೆ ಬಸ್‌ಸ್ಟ್ಯಾಂಡ್ ಪಕ್ಕದ ವೈನ್ಸ್ ಮುಂದೆ ನಿಂತಿದ್ದ ಬೈಕುಗಳನ್ನು ನೀವೇ ನೋಡಿ ಬಂದಿರುತ್ತೀರಿ.

‘ಜನ ನಿಜ ಹೇಳಲ್ಲ ಬಿಡಿ’ ಎಂದು ಷರಾ ಬರೆದು ಮುಗಿಸುವ ಮುಂಚೆ, ಕೆಟ್ಟಿರುವುದು ಯಾವ ಭಾಗ ಎಂದು ಬಿಚ್ಚಿ ನೋಡಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಭಾಗದಲ್ಲಿ ಸರ್ವೆ ಮಾಡುವ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿಗಳು, ಸಂಶೋಧಕರು, ಸಂಸ್ಥೆಗಳ ಕ್ಷೇತ್ರ ಸಿಬ್ಬಂದಿಗೆಂದು ಇದನ್ನು ಬರೆದಿದ್ದೇವೆ. ಹಿಡಿದು ಹೋಗಬೇಕಾದ ಎಳೆ ಒಂದೇ: ಅನಾಮಿಕತೆ ಇರುವುದು ಫಾರಂನ ತಲೆಬರಹದಲ್ಲಲ್ಲ, ಉತ್ತರ ಕೊಡುವವರ ಮನಸ್ಸಿನಲ್ಲಿ. ‘ಇದು ಯಾರ ಕಣ್ಣಿಗೆ ಬೀಳುತ್ತೆ?’ ಎಂದು ಅವರು ಒಳಗೊಳಗೇ ಕೇಳಿಕೊಳ್ಳುತ್ತಿರುತ್ತಾರೆ. ಆ ‘ಯಾರು’ ಎಂಬುದನ್ನು ನೀವು ಕಂಡುಹಿಡಿಯಬೇಕು.

ಮೊದಲು: ಇದು ಮುಚ್ಚಿಡುವಿಕೆಯೇ ಹೌದೇ?

ಮುಚ್ಚಿಟ್ಟ ಉತ್ತರ, ಮರೆತುಹೋದ ಉತ್ತರ, ಪ್ರಶ್ನೆ ಅರ್ಥವಾಗದೆ ಕೊಟ್ಟ ಉತ್ತರ, ಈ ಮೂರೂ ಎಕ್ಸೆಲ್ ಹಾಳೆಯಲ್ಲಿ ಒಂದೇ ಥರ ಕಾಣುತ್ತವೆ. ಅನಾಮಿಕತೆ ಸರಿಪಡಿಸುವುದು ಮೊದಲನೆಯದನ್ನು ಮಾತ್ರ.

ಮರೆವನ್ನು ಬೇರ್ಪಡಿಸಲು, ಮುಜುಗರವೇ ಇಲ್ಲದ ಒಂದು ಪ್ರಶ್ನೆಯನ್ನು ಅದೇ ಅವಧಿಗೆ ಕೇಳಿ. ‘ಕಳೆದ 30 ದಿನದಲ್ಲಿ ಎಷ್ಟು ಸಲ ಕುಡಿದಿರಿ’ ಎಂಬುದರ ಜೊತೆಗೆ ‘ಕಳೆದ 30 ದಿನದಲ್ಲಿ ಎಷ್ಟು ಸಲ ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದಿರಿ’ ಎಂಬುದೂ ಇರಲಿ. ಎರಡನೆಯದಕ್ಕೂ 5, 10, 15 ಎಂಬ ಗುಂಡು ಸಂಖ್ಯೆಗಳೇ ತುಂಬಿದ್ದರೆ ಜನ ಲೆಕ್ಕ ಹಾಕುತ್ತಿಲ್ಲ, ಅಂದಾಜು ಹೇಳುತ್ತಿದ್ದಾರೆ ಎಂದರ್ಥ. ಅವಧಿಯನ್ನು 7 ದಿನಕ್ಕೆ ಇಳಿಸಿ. ತಾಲ್ಲೂಕು ಕೇಂದ್ರದ ಓಡಾಟ ಸರಿಯಾಗಿ ನೆನಪಿದ್ದು ಕುಡಿತಕ್ಕೆ ಮಾತ್ರ ಸೊನ್ನೆ ಬಂದಿದ್ದರೆ ಮುಂದಕ್ಕೆ ಹೋಗಿ.

ಅರ್ಥದ ತೊಂದರೆ ಹಿಡಿಯಲು ಐದಾರು ಜನ ಸಾಕು. ಪ್ರಶ್ನೆ ಓದಿ, ‘ಇದನ್ನೇ ನಿಮ್ಮ ಮಾತಲ್ಲಿ ಹೇಳಿ’ ಎನ್ನಿ. ‘ನೀವು ಮದ್ಯಪಾನ ಮಾಡುತ್ತೀರಾ?’ ಎಂದರೆ ದಿನಾ ಬಿದ್ದು ಬರುವವರ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಳ್ಳುವವರು ಇದ್ದಾರೆ. ಹಬ್ಬಕ್ಕೆ ಒಂದು ಕ್ವಾರ್ಟರ್ ಹಾಕುವವನು ತನ್ನನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳುವುದೇ ಇಲ್ಲ. ಅವನು ಸುಳ್ಳು ಹೇಳಲಿಲ್ಲ. ಪಾವಗಡ, ಬಾಗೇಪಲ್ಲಿ, ಗೌರಿಬಿದನೂರು ಕಡೆ ಮನೆಮಾತು ತೆಲುಗು, ಶಿಡ್ಲಘಟ್ಟ, ಚಿಂತಾಮಣಿ ಪೇಟೆಗಳಲ್ಲಿ ದಖನಿ ಉರ್ದು, ಕೆಜಿಎಫ್‌ನಲ್ಲಿ ತಮಿಳು. ಅಲ್ಲೆಲ್ಲ ಪುಸ್ತಕದ ಕನ್ನಡದಲ್ಲಿ ಕೇಳಿದ ಪ್ರಶ್ನೆ ತಾಲ್ಲೂಕು ಕಚೇರಿಯ ನೋಟಿಸಿನಂತೆ ಕೇಳಿಸುತ್ತದೆ. ನೋಟಿಸಿಗೆ ಜನ ಹೇಗೆ ಉತ್ತರ ಕೊಡುತ್ತಾರೋ ನಿಮಗೂ ಹಾಗೇ ಕೊಡುತ್ತಾರೆ.

ಎರಡು ಪದ ಬೆರೆಸಬೇಡಿ

ಯಾರು ಏನು ಹೇಳಿದರು ಎಂದು ಸಂಶೋಧಕರಿಗೂ ಗೊತ್ತಾಗದಿದ್ದರೆ ಅದು ಅನಾಮಿಕ. ಗೊತ್ತಿದ್ದೂ ಹೊರಗೆ ಹೇಳದಿದ್ದರೆ ಗೋಪ್ಯ. ಮನೆಗೆ ಹೋಗಿ ಎದುರು ಕೂತು ಕೇಳಿದ ಯಾವ ಪ್ರಶ್ನೆಯೂ ಅನಾಮಿಕವಲ್ಲ, ಹೆಸರು ಬರೆಯದಿದ್ದರೂ ಅಲ್ಲ, ಯಾಕೆಂದರೆ ಮುಖ ನೋಡಿದ್ದೀರಿ, ಮನೆ ನೋಡಿದ್ದೀರಿ. ಅಂಥ ಕಡೆ ‘ಇದು ಅನಾಮಿಕ’ ಎಂದು ಓದಿ ಹೇಳಿದರೆ, ಕೇಳಿಸಿಕೊಂಡವರಿಗೆ ನೀವೇ ಮೊದಲ ಸುಳ್ಳು ಹೇಳಿದಂತೆ. ‘ನೀವು ಹೇಳಿದ್ದು ನಮ್ಮ ಇಬ್ಬರ ಹತ್ತಿರ ಮಾತ್ರ ಇರುತ್ತೆ, ಊರಲ್ಲಿ ಯಾರಿಗೂ ಹೇಳಲ್ಲ’ ಎನ್ನುವುದು ಸಣ್ಣ ಭರವಸೆ, ಆದರೆ ಉಳಿಸಿಕೊಳ್ಳಬಹುದಾದ ಭರವಸೆ.

ಭರವಸೆಯ ಉದ್ದದಲ್ಲೂ ಹದ ಬೇಕು. ಎಲಿನರ್ ಸಿಂಗರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಮಾಡಿದ ಅಧ್ಯಯನಗಳ ಪ್ರಕಾರ, ವಿಷಯ ಸೂಕ್ಷ್ಮವಾಗಿದ್ದಾಗ ಗೋಪ್ಯತೆಯ ಭರವಸೆ ಉತ್ತರವನ್ನು ಸುಧಾರಿಸುತ್ತದೆ. ವಿಷಯ ಸಾಧಾರಣವಾಗಿದ್ದು ಭರವಸೆ ಮಾತ್ರ ಉದ್ದುದ್ದವಾಗಿದ್ದರೆ ಜನ ಅನುಮಾನ ಪಟ್ಟು ಹಿಂದೆ ಸರಿಯುತ್ತಾರೆ. ಬೆಳೆ ಯಾವುದು, ಕೊಳವೆಬಾವಿ ಎಷ್ಟು ಅಡಿ ಎಂದು ಕೇಳಲು ಒಂದು ಪುಟ ಆಣೆ ಪ್ರಮಾಣ ಬೇಕಿಲ್ಲ.

ದೋಷ 1: ಹೆಸರು ಇಲ್ಲ, ಗುರುತು ಇದೆ

ಹತ್ತರಲ್ಲಿ ಆರು ಸಲ ತೊಂದರೆ ಇಲ್ಲೇ ಸಿಗುತ್ತದೆ ಎಂಬುದು ನಮ್ಮ ಅಂದಾಜು. ಫಾರಂ ಅನ್ನು ಉತ್ತರಿಸುವವರ ಕೈಯಿಂದ ನೋಡಿ, ನಿಮ್ಮ ಮೇಜಿನಿಂದಲ್ಲ.

ಗೂಗಲ್ ಫಾರಂ ಆದರೆ ಲಿಂಕನ್ನು ಬೇರೊಬ್ಬರ ಫೋನಿನಲ್ಲಿ, ಅವರ ಜಿಮೇಲ್ ತೆರೆದಿರುವಾಗ ಒತ್ತಿ ನೋಡಿ. ‘ಇಮೇಲ್ ಸಂಗ್ರಹ’ ಆಯ್ಕೆ ಮುಚ್ಚಿದ್ದರೂ ಫಾರಂನ ಮೇಲ್ತುದಿಯಲ್ಲಿ ಅವರದೇ ಇಮೇಲ್ ವಿಳಾಸ ಕಾಣಿಸಬಹುದು. ‘ಹಂಚಿಕೊಂಡಿಲ್ಲ’ ಎಂಬ ಮಾತು ಪಕ್ಕದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಡಿಗ್ರಿ ಕಾಲೇಜಿನ ಹುಡುಗಿ ನೋಡುವುದು ತನ್ನ ವಿಳಾಸವನ್ನು, ಆ ಸಣ್ಣಕ್ಷರವನ್ನಲ್ಲ. ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಮಿತಿ ಹಾಕಿದರೆ ಲಾಗಿನ್ ಕಡ್ಡಾಯವಾಗುತ್ತದೆ, ಫೈಲ್ ಅಪ್‌ಲೋಡ್ ಪ್ರಶ್ನೆ ಇಟ್ಟರೂ ಅಷ್ಟೇ. ಸೂಕ್ಷ್ಮ ವಿಷಯಕ್ಕೆ ಈ ಎರಡನ್ನೂ ತೆಗೆಯಿರಿ. ಒಬ್ಬರೇ ಎರಡು ಸಲ ತುಂಬುವ ಅಪಾಯ ಉಳಿಯುತ್ತದೆ, ಆದರೆ ಸುಳ್ಳು ಉತ್ತರಕ್ಕಿಂತ ಅದು ಚಿಕ್ಕ ನಷ್ಟ. ಉತ್ತರ ಬಂದ ದಿನಾಂಕ, ಗಂಟೆ, ನಿಮಿಷ ಹಾಳೆಯಲ್ಲಿ ತಾನಾಗಿ ದಾಖಲಾಗುತ್ತದೆ ಎಂಬುದೂ ನೆನಪಿರಲಿ. ಕಾಲೇಜಿನ ವಾಟ್ಸ್ಆ್ಯಪ್ ಗುಂಪಿಗೆ ಲಿಂಕ್ ಹಾಕಿ, ‘ತುಂಬಿದವರು ಡನ್ ಅಂತ ಹಾಕಿ’ ಎಂದಿರೋ, ಡನ್ ಬಂದ ಹೊತ್ತನ್ನೂ ಹಾಳೆಯ ಹೊತ್ತನ್ನೂ ಪಕ್ಕಪಕ್ಕ ಇಟ್ಟರೆ ಹೆಸರು ಸಿಕ್ಕಿಬಿಟ್ಟಿತು. ನಿಮಗೆ ಹೊಳೆಯದಿದ್ದರೂ ಹುಡುಗರಿಗೆ ಹೊಳೆದಿರುತ್ತದೆ.

ಫೋನಿನಲ್ಲೇ ಸರ್ವೆ ತುಂಬುವ ಕೋಬೋ, ಓಡಿಕೆ ತರದ ಆ್ಯಪ್ ಬಳಸುವವರು ಫಾರಂನ ವಿನ್ಯಾಸದಲ್ಲಿ ಮೆಟಾಡೇಟಾ (ತಾನಾಗಿ ದಾಖಲಾಗುವ ಮಾಹಿತಿ) ಸಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿ: ಶುರು ಮತ್ತು ಮುಗಿದ ಸಮಯ, ಫೋನಿನ ಗುರುತು, ಬಳಕೆದಾರರ ಹೆಸರು, ಜಿಪಿಎಸ್. ಗಣತಿದಾರರು ಮನೆಗೆ ಹೋದರೋ ಮರದ ಕೆಳಗೆ ಕೂತು ತುಂಬಿದರೋ ನೋಡಲು ಜಿಪಿಎಸ್ ಬೇಕೆನ್ನುವವರಿದ್ದಾರೆ, ಅದೂ ಸುಳ್ಳಲ್ಲ. ಹಾಗಿದ್ದರೆ ಮನೆ ಪಟ್ಟಿಯ ಫಾರಂನಲ್ಲಿ ಜಿಪಿಎಸ್ ಇರಲಿ, ಸೂಕ್ಷ್ಮ ಪ್ರಶ್ನೆಗಳದ್ದು ಬೇರೆಯೇ ಫಾರಂ ಆಗಲಿ, ಎರಡಕ್ಕೂ ಸಮಾನ ಸಂಖ್ಯೆ ಕೊಡಬೇಡಿ.

ಕಾಗದದ ಫಾರಂನಲ್ಲಿ ಕ್ರಮಸಂಖ್ಯೆಯೇ ಶತ್ರು. ಮೂಲೆಯಲ್ಲಿ 047 ಎಂದು ಅಚ್ಚಾಗಿದ್ದರೆ, ನಿಮ್ಮ ಕೈಯಲ್ಲಿ 47ನೇ ಹೆಸರಿನ ಪಟ್ಟಿ ಇದೆ ಎಂದೇ ಓದುವವರು ತಿಳಿಯುತ್ತಾರೆ. ಎಂಟ್ರಿಗೆ ಸಂಖ್ಯೆ ಬೇಕೇ ಬೇಕು. ಅದನ್ನು ಎಲ್ಲ ಫಾರಂ ವಾಪಸ್ ಬಂದು, ಇಸ್ಪೀಟಿನ ಎಲೆಯಂತೆ ಕಲಸಿದ ಮೇಲೆ ಹಾಕಿ. ಪೆನ್ನು ನೀವೇ ಕೊಡಿ, ಎಲ್ಲರಿಗೂ ಒಂದೇ ಬಣ್ಣದ್ದು. ‘ವಿವರಿಸಿ’ ಎಂದು ಎರಡು ಗೆರೆ ಬಿಟ್ಟರೆ ಕೈಬರಹ ಸಿಗುತ್ತದೆ, ಮೇಷ್ಟರಿಗೆ ತಮ್ಮ ಕ್ಲಾಸಿನ ಮಕ್ಕಳ ಕೈಬರಹ ದೂರದಿಂದಲೇ ಗೊತ್ತು. ಸೂಕ್ಷ್ಮ ಭಾಗದಲ್ಲಿ ಗುರುತು ಹಾಕುವ ಚೌಕಗಳಷ್ಟೇ ಇರಲಿ.

ಇನ್ನು ಒಪ್ಪಿಗೆ ಪತ್ರ. ಮೊದಲ ಪುಟದಲ್ಲಿ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಂಡು, ಅದಕ್ಕೇ ಪಿನ್ ಹೊಡೆದ ಎರಡನೇ ಪುಟದಲ್ಲಿ ‘ಇದು ಅನಾಮಿಕ’ ಎನ್ನುವ ಫಾರಂಗಳು ಈಗಲೂ ಓಡಾಡುತ್ತಿವೆ. ಹೆಬ್ಬೆಟ್ಟು ಒತ್ತಿದ ಕಾಗದ ಎಂದರೆ ಈ ಕಡೆಯ ಹಳ್ಳಿಗಳಲ್ಲಿ ಸಾಲದ ಪತ್ರ ಅಥವಾ ಜಮೀನಿನ ಪತ್ರ. ಒಪ್ಪಿಗೆಯನ್ನು ಪ್ರತ್ಯೇಕ ಹಾಳೆಯಲ್ಲಿ ಪಡೆದು, ಅವರ ಕಣ್ಣೆದುರೇ ಬೇರೆ ಲಕೋಟೆಗೆ ಹಾಕಿ. ಬಾಯಿಮಾತಿನ ಒಪ್ಪಿಗೆ ಸಾಕಾದೀತೇ ಎಂದು ನಿಮ್ಮ ಸಂಸ್ಥೆಯ ನೈತಿಕ ಸಮಿತಿಯನ್ನು ಮೊದಲೇ ಕೇಳಿ. ಸಹಿಯೊಂದೇ ವ್ಯಕ್ತಿಯನ್ನು ಉತ್ತರಕ್ಕೆ ಜೋಡಿಸುವ ಕೊಂಡಿಯಾಗಿದೆ ಎಂದು ಅರ್ಜಿಯಲ್ಲೇ ಕಾರಣ ಬರೆಯಿರಿ.

ಒಂದು ಸ್ಥಳೀಯ ಸಂಗತಿಯನ್ನೂ ಗಮನದಲ್ಲಿಡಿ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆಗೂ ಸ್ಟಿಕ್ಕರ್ ಅಂಟಿತು, ಕರೆಂಟ್ ಮೀಟರಿನ ಲೆಕ್ಕದಲ್ಲಿ ಮನೆ ಗುರುತಾಯಿತು. ಆ ಸ್ಟಿಕ್ಕರ್ ಎಷ್ಟೋ ಬಾಗಿಲುಗಳ ಮೇಲೆ ಇನ್ನೂ ಇದ್ದೀತು. ಅದರ ಕೆಳಗೆ ನಿಂತು, ಕೈಯಲ್ಲಿ ಫೋನು ಹಿಡಿದು, ‘ನೀವು ಯಾರು ಅಂತ ಗೊತ್ತಾಗಲ್ಲ’ ಎನ್ನುತ್ತಿದ್ದೀರಿ. ನಾವು ಅವರಲ್ಲ, ಈ ಕಾಲೇಜಿನವರು, ಮನೆ ನಂಬರ್ ಬರೆದುಕೊಳ್ಳಲ್ಲ ಎಂದು ಮೊದಲ ಮಾತಿನಲ್ಲೇ ಹೇಳಿ.

ದೋಷ 2: ಜಗಲಿಯ ಕಿವಿಗಳು

ಮುಳಬಾಗಿಲು ಕಡೆಯ ಒಂದು ಮನೆಯ ಜಗಲಿ ಕಲ್ಪಿಸಿಕೊಳ್ಳಿ. ಗಣತಿದಾರರು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಸೊಸೆ ಹೊಸ್ತಿಲ ಮೇಲೆ, ಒಂದು ಕಾಲು ಒಳಗೆ ಒಂದು ಹೊರಗೆ. ಅತ್ತೆ ಅವರೆಕಾಯಿ ಬಿಡಿಸುತ್ತಾ ತಲೆ ಎತ್ತದೆ ಕೂತಿದ್ದಾರೆ. ಮನೆ ತೋರಿಸಲು ಬಂದ ಆಶಾ ಕಾರ್ಯಕರ್ತೆ ಗೋಡೆಗೆ ಒರಗಿ ನಿಂತಿದ್ದಾರೆ. ಪಕ್ಕದ ಮನೆಯ ಹುಡುಗ ಫೋನಿನ ಪರದೆಯನ್ನೇ ಇಣುಕುತ್ತಿದ್ದಾನೆ. ‘ಗಂಡ ಎಂದಾದರೂ ಕೈ ಮಾಡಿದ್ದಾರಾ?’ ಎಂಬ ಪ್ರಶ್ನೆ ಬಂದಾಗ ಅವರೆಕಾಯಿಯ ಸದ್ದು ನಿಲ್ಲುತ್ತದೆ. ಉತ್ತರ: ‘ಇಲ್ಲ ಮೇಡಂ, ಅಂಥಾದ್ದೇನೂ ಇಲ್ಲ.’

ಇಲ್ಲಿ ಫಾರಂನಲ್ಲಿ ಹೆಸರಿದ್ದರೇನು ಬಿಟ್ಟರೇನು. ಸೊಸೆಗೆ ಭಯವಿರುವುದು ನಿಮ್ಮ ಸರ್ವರ್ ಮೇಲಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೌಟುಂಬಿಕ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ಮಾತ್ರ ಕೇಳುತ್ತದೆ. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಟ್ಟುಬಿಡುತ್ತದೆ. ನೀವೂ ಫಾರಂನಲ್ಲಿ ‘ಏಕಾಂತ ಸಿಗಲಿಲ್ಲ, ಕೇಳಲಿಲ್ಲ’ ಎಂಬ ಒಂದು ಸಂಕೇತ ಇಡಿ. ಆ ಖಾಲಿ ಜಾಗ ‘ಇಲ್ಲ’ ಎಂಬ ಸುಳ್ಳು ಉತ್ತರಕ್ಕಿಂತ ಬೆಲೆಯುಳ್ಳದ್ದು. ಪ್ರತಿ ಸಂದರ್ಶನದ ಕೊನೆಗೆ ‘ಹತ್ತಿರ ಯಾರಿದ್ದರು’ ಎಂದು ಗಣತಿದಾರರೇ ಗುರುತು ಹಾಕಲಿ: ಯಾರೂ ಇಲ್ಲ, ಗಂಡ, ಅತ್ತೆ, ಮಕ್ಕಳು, ಹೊರಗಿನವರು. ಅತ್ತೆ ಇದ್ದ ಮನೆಗಳಲ್ಲಿ ಹಿಂಸೆ ಕಡಿಮೆ ಎಂದು ಫಲಿತಾಂಶ ಬಂದರೆ ಯಾವುದನ್ನು ದುರಸ್ತಿ ಮಾಡಬೇಕೆಂದು ಹೇಳಬೇಕಿಲ್ಲ.

ಪರಿಹಾರದಲ್ಲಿ ಅಗ್ಗದ್ದರಿಂದ ಶುರುಮಾಡಿ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆ ಮನೆ ತೋರಿಸಲಿ, ಪರಿಚಯ ಮಾಡಿಕೊಡಲಿ, ಆಮೇಲೆ ಬೇರೆ ಬೀದಿಗೆ ಹೋಗಲಿ. ಅವರಿಲ್ಲದೆ ಬಾಗಿಲು ತೆರೆಯುವುದಿಲ್ಲ, ಅವರಿದ್ದರೆ ಬಾಯಿ ತೆರೆಯುವುದಿಲ್ಲ. ಇಬ್ಬರು ಗಣತಿದಾರರು ಹೋದರೆ ಒಬ್ಬರು ಅತ್ತೆಗೆ ಬೇರೆ ಪ್ರಶ್ನಾವಳಿ ಹಿಡಿದು ಕೂರಲಿ, ರಾಗಿ ಬೆಳೆ ಬಗ್ಗೆಯೋ ಹಳೇ ಕಾಲದ ಹಬ್ಬದ ಬಗ್ಗೆಯೋ.

ಎರಡನೆಯದು, ಬಾಯಿಯಿಂದ ಉತ್ತರ ಹೊರಡುವುದನ್ನೇ ತಪ್ಪಿಸುವುದು. ಅಂಗೈ ಅಗಲದ ಚೀಟಿಯಲ್ಲಿ ಪ್ರಶ್ನೆ ಇರುವುದಿಲ್ಲ. 1ರಿಂದ 8ರವರೆಗೆ ಸಂಖ್ಯೆ, ಪ್ರತಿಯೊಂದರ ಮುಂದೆ ಹೌದಿಗೆ ಒಂದು ತುಂಬಿದ ವೃತ್ತ, ಇಲ್ಲಕ್ಕೆ ಒಂದು ಖಾಲಿ ವೃತ್ತ ಅಷ್ಟೇ. ಗಣತಿದಾರರು ಪ್ರಶ್ನೆಯನ್ನು ಮೆಲ್ಲಗೆ ಓದುತ್ತಾರೆ, ಉತ್ತರಿಸುವವರು ಗುರುತು ಹಾಕಿ, ಚೀಟಿ ಮಡಚಿ, ಬೀಗ ಹಾಕಿದ ಡಬ್ಬಿಗೆ ತಾವೇ ಹಾಕುತ್ತಾರೆ. ಡಬ್ಬಿಯಲ್ಲಿ ಮೊದಲೇ ಇಪ್ಪತ್ತು ಮೂವತ್ತು ಖಾಲಿ ಚೀಟಿ ಮಡಚಿ ಹಾಕಿರಿ. ಬರಿ ಡಬ್ಬಿಗೆ ಮೊದಲ ಚೀಟಿ ಬಿದ್ದರೆ ಅದು ಯಾರದ್ದೆಂದು ಎಲ್ಲರಿಗೂ ಗೊತ್ತು.

ಮೂರನೆಯದು ಹೆಡ್‌ಫೋನು. ಪ್ರಶ್ನೆ ಕಿವಿಗೆ ಕೇಳುತ್ತದೆ, ಪರದೆಯಲ್ಲಿ ಎರಡು ಬಣ್ಣ ಮಾತ್ರ. ಅಮೆರಿಕದ ಹದಿಹರೆಯದ ಹುಡುಗರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ವಿಧಾನ, ಕೈಯಲ್ಲಿ ತುಂಬಿದ ಕಾಗದದ ಫಾರಂಗಿಂತಲೂ ಹೆಚ್ಚು ಸೂಕ್ಷ್ಮ ನಡವಳಿಕೆಗಳನ್ನು ಹೊರತಂದಿತು. ನಮ್ಮಲ್ಲಿ ತೊಡಕು ಬರುವುದು ಧ್ವನಿಮುದ್ರಣದಲ್ಲಿ. ರೇಡಿಯೋ ವಾರ್ತೆಯ ಧಾಟಿಯಲ್ಲಿ ಓದಿಸಬೇಡಿ. ಆ ತಾಲ್ಲೂಕಿನವರೇ ಒಬ್ಬರು, ಹೆಂಗಸರಿಗಾದರೆ ಹೆಂಗಸಿನ ದನಿಯಲ್ಲಿ ಓದಲಿ. ಹಸಿರು ಎಂದರೆ ಸರಿ, ಕೆಂಪು ಎಂದರೆ ತಪ್ಪು ಎಂಬ ಭಾವನೆ ಅಂಟಿಕೊಂಡಿರುವುದರಿಂದ ನೀಲಿ, ಹಳದಿ ಇಡಿ.

ಹಾಲಿನ ಡೇರಿ, ರೇಷ್ಮೆ ರೀಲಿಂಗ್ ಘಟಕ, ನರಸಾಪುರ ಅಥವಾ ವಸಂತನರಸಾಪುರದ ಕಾರ್ಖಾನೆಗಳಲ್ಲೂ ಇದೇ ದೋಷ, ಕಿವಿ ಮಾತ್ರ ಬೇರೆ. ಬೆಳಿಗ್ಗೆ ಹಾಲು ಹಾಕುವ ಸಾಲಿನಲ್ಲಿ, ಕಾರ್ಯದರ್ಶಿಯ ಎದುರಲ್ಲಿ, ಹಾಲಿನ ಗುಣಮಟ್ಟದ ಬಗ್ಗೆ ಕೇಳಬಾರದು. ರೀಲಿಂಗ್ ಕೆಲಸಗಾರರು ಪಡೆದ ಮುಂಗಡದ ಪ್ರಶ್ನೆಯನ್ನು ಮಾಲೀಕರ ಜಾಗದಲ್ಲಿ ಕೇಳಬಾರದು. ಎಚ್‌ಆರ್‌ನವರು ಹಂಚಿ, ಎಚ್‌ಆರ್‌ನವರೇ ವಾಪಸ್ ಪಡೆಯುವ ಫಾರಂನಲ್ಲಿ ಕೆಲಸದ ತೃಪ್ತಿ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಗೇಟಿನ ಹೊರಗೆ, ಶಿಫ್ಟ್ ಬಸ್ ನಿಲ್ಲುವ ಕಡೆ ಹಂಚಿ.

ದೋಷ 3: ಚೂರು ಚೂರು ಸೇರಿ ಹೆಸರಾಗುವುದು

ತಾಲ್ಲೂಕು, ಊರು, ಲಿಂಗ, ವಯಸ್ಸು, ಜಾತಿ, ಓದು, ಹುದ್ದೆ. ಏಳು ಚೌಕ ತುಂಬಿದ ಮೇಲೆ ಬಂಗಾರಪೇಟೆ ತಾಲ್ಲೂಕಿನ ಒಂದು ಹೈಸ್ಕೂಲಿನ 41 ವರ್ಷದ ಗಣಿತ ಶಿಕ್ಷಕಿ ಒಬ್ಬರೇ ಉಳಿಯುತ್ತಾರೆ. ಅದು ಅವರಿಗೂ ಗೊತ್ತು, ಅದಕ್ಕೇ ‘ಮುಖ್ಯೋಪಾಧ್ಯಾಯರ ಸಹಕಾರ: ಅತ್ಯುತ್ತಮ’ ಎಂದು ಗುರುತು ಹಾಕಿರುತ್ತಾರೆ. ಅಮೆರಿಕದ ಲತಾನ್ಯಾ ಸ್ವೀನಿ 2000ದಲ್ಲಿ ತೋರಿಸಿದ ಲೆಕ್ಕ ಪ್ರಸಿದ್ಧ: ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ, ಲಿಂಗ ಈ ಮೂರೇ ಅಲ್ಲಿನ ಸುಮಾರು 87% ಜನರನ್ನು ಬಿಡಿಯಾಗಿ ಗುರುತಿಸಬಲ್ಲವು. ವಯಸ್ಸನ್ನು ಹತ್ತು ವರ್ಷದ ಗುಂಪು ಮಾಡಿ, ಊರಿನ ಹೆಸರು ಕೈಬಿಡಿ, ಈ ವಿವರಗಳನ್ನು ಫಾರಂನ ಕೊನೆಗೆ ತಳ್ಳಿ. ಹಂಚುವ ಮೊದಲೇ ಕೋಷ್ಟಕ ಬರೆದು ನೋಡಿ. ಯಾವುದಾದರೂ ಚೌಕದಲ್ಲಿ ಐದು ಜನಕ್ಕಿಂತ ಕಡಿಮೆ ಬರುವಂತಿದ್ದರೆ ಒಂದು ಪ್ರಶ್ನೆ ತೆಗೆಯಿರಿ.

ದೋಷ 4: ‘ನನ್ನ ಹೆಸರು ಬರ್ಕೊಳ್ಳಿ ಸಾರ್’

ಇದು ಪಾಶ್ಚಾತ್ಯ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಸಿಗದ ದೋಷ. ಸರ್ವೆಯವರು ಬಂದರೆ ಏನೋ ಬರುತ್ತದೆ ಎಂಬ ನಿರೀಕ್ಷೆ ಇರುವ ಕಡೆ, ಹೆಸರು ಬೇಡ ಎಂದರೆ ಜನಕ್ಕೆ ಬೇಜಾರು. ‘ಹೆಸರೇ ಇಲ್ದಿದ್ರೆ ನಮಗೆ ಹೆಂಗೆ ಬರುತ್ತೆ?’ ಇಂಥಲ್ಲಿ ಸುಳ್ಳು ಎರಡೂ ದಿಕ್ಕಿಗೆ ಎಳೆಯುತ್ತದೆ. ಫ್ಲೋರೈಡ್ ನೀರಿನಿಂದ ಮಂಡಿನೋವು ಇದೆಯಾ ಎಂದರೆ ಇಲ್ಲದವರೂ ಹೌದೆನ್ನುತ್ತಾರೆ, ಶುದ್ಧ ನೀರಿನ ಘಟಕ ಬರಲಿ ಎಂದು. ಆದಾಯ ಕೇಳಿದರೆ ಬಿಪಿಎಲ್ ಕಾರ್ಡು ರದ್ದಾದೀತು, ಗೃಹಲಕ್ಷ್ಮಿಯ ತಿಂಗಳ ₹2,000 ನಿಂತೀತು ಎಂದು ಕಡಿಮೆ ಹೇಳುತ್ತಾರೆ. ಮೊದಲನೆಯದಕ್ಕೆ ಅನಾಮಿಕತೆ ಮದ್ದಲ್ಲ. ‘ಇದರಿಂದ ಯಾವ ಸೌಲಭ್ಯವೂ ಬರಲ್ಲ, ಇರೋದು ಹೋಗಲ್ಲ’ ಎಂದು ಮೊದಲೇ ಹೇಳುವುದೇ ಮದ್ದು. ಆದಾಯವನ್ನು ನೇರವಾಗಿ ಕೇಳದೆ ಕೊಂಡದ್ದು, ಮಾರಿದ್ದು ಕೇಳಿ: ವಾರಕ್ಕೆ ಎಷ್ಟು ಲೀಟರ್ ಹಾಲು ಹಾಕಿದಿರಿ, ಕಳೆದ ಬೆಳೆಗೆ ಎಷ್ಟು ಬಾಕ್ಸ್ ಟೊಮೆಟೊ ಮಂಡಿಗೆ ಹೋಯಿತು.

ದೋಷ 5: ಅನಾಮಿಕತೆ ಹೆಚ್ಚಾದದ್ದು

ಅನಾಮಿಕತೆ ಎಷ್ಟಿದ್ದರೂ ಒಳ್ಳೆಯದೇ ಎಂದುಕೊಳ್ಳುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಲೆಲ್ಕೆಸ್, ಕ್ರಾಸ್ನಿಕ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪೂರ್ಣ ಅನಾಮಿಕತೆ ಕೊಟ್ಟಾಗ ಮುಜುಗರದ ಸಂಗತಿಗಳನ್ನು ಒಪ್ಪಿಕೊಳ್ಳುವುದು ಹೆಚ್ಚಿತು, ಆದರೆ ಉತ್ತರಗಳ ನಿಖರತೆ ಕುಗ್ಗಿತು. ಲೆಕ್ಕ ಕೇಳುವವರಿಲ್ಲದಿದ್ದರೆ ಯೋಚಿಸುವ ಶ್ರಮವನ್ನೂ ಯಾಕೆ ಪಡಬೇಕು? ಹಾಗಾಗಿ ‘ಹೌದು’ಗಳು ಏರಿದ ಮಾತ್ರಕ್ಕೆ ನಿಜ ಬಂತು ಎಂದು ತೀರ್ಮಾನಿಸಬೇಡಿ.

ಪತ್ತೆಗೆ ಗುರುತುಗಳಿವೆ. ಐದು ಆಯ್ಕೆಯ ಇಪ್ಪತ್ತು ಹೇಳಿಕೆಗಳಿಗೂ ನಡುವಿನ ಚೌಕದಲ್ಲೇ ನೆಟ್ಟಗೆ ಇಳಿದ ಗುರುತು. ಒಂದಕ್ಕೊಂದು ವಿರುದ್ಧವಾದ ಎರಡು ಹೇಳಿಕೆಗೂ ‘ಪೂರ್ತಿ ಒಪ್ಪುತ್ತೇನೆ’. ಆನ್‌ಲೈನ್ ಆದರೆ ಒಂದು ಪ್ರಶ್ನೆಗೆ ಎರಡು ಸೆಕೆಂಡಿಗಿಂತ ಕಡಿಮೆ ಹಿಡಿದವರನ್ನು ಪ್ರತ್ಯೇಕಿಸಿ. ಪಿಯು ಹುಡುಗರ ಗುಂಪಾದರೆ ತಮಾಷೆಗೆ ತುಂಬಿದ ಫಾರಂ ಕೂಡ ಇರುತ್ತದೆ: ಹಿಂದಿನ ಬೆಂಚಿನ ನಾಲ್ವರೂ ಎಲ್ಲ ಮಾದಕವಸ್ತುವನ್ನೂ ದಿನಾ ಸೇವಿಸುವವರು. ಯುರೋಪಿನ ಶಾಲಾ ಸಮೀಕ್ಷೆ ಇದಕ್ಕೆಂದೇ ‘ರೆಲೆವಿನ್’ ಎಂಬ ಇಲ್ಲದ ಮಾದಕವಸ್ತುವಿನ ಹೆಸರನ್ನು ಪಟ್ಟಿಯಲ್ಲಿ ಸೇರಿಸುತ್ತದೆ. ನೀವೂ ಒಂದು ಹೆಸರು ಹುಟ್ಟಿಸಿ ಹಾಕಿ, ಆದರೆ ಯಾವುದಾದರೂ ಮಾತ್ರೆಯ ಹೆಸರಿಗೆ ಹೋಲದಿರಲಿ.

ಮದ್ದು: ಹೆಸರು ಬೇಡ, ಹೊಣೆ ಇರಲಿ. ನೀವು ಅಲ್ಲೇ ಕೋಣೆಯಲ್ಲಿರಿ, ಬೆಂಚುಗಳ ನಡುವೆ ಓಡಾಡದೆ ಮುಂದೆ ಕೂತಿರಿ. ಮೇಷ್ಟರು ಹೊರಗಿರಲಿ. ಪ್ರಶ್ನೆಗಳನ್ನು 40ರಿಂದ 20ಕ್ಕೆ ಇಳಿಸಿ. ಊಟದ ಬೆಲ್‌ಗೆ ಮುಂಚಿನ ಹತ್ತು ನಿಮಿಷದಲ್ಲಿ ಹಂಚಿದ ಫಾರಂನಿಂದ ಯಾವ ನಿಜವೂ ಬರುವುದಿಲ್ಲ.

ದೋಷ ಯಾವುದೆಂದು ಖಚಿತವಾಗದಿದ್ದರೆ: ಎರಡು ಫಾರಂ ಪರೀಕ್ಷೆ

ಒಂದೇ ಪ್ರಶ್ನಾವಳಿಯ ಎರಡು ಆವೃತ್ತಿ ಅಚ್ಚು ಹಾಕಿಸಿ. ‘ಅ’ದಲ್ಲಿ ಈಗಿರುವ ವಿಧಾನ, ‘ಆ’ದಲ್ಲಿ ಒಂದೇ ಒಂದು ಬದಲಾವಣೆ. ಒಂದೇ ಎಂಬುದನ್ನು ಮರೆಯಬೇಡಿ. ಕ್ರಮಸಂಖ್ಯೆ ತೆಗೆದು, ಡಬ್ಬಿಯನ್ನೂ ಇಟ್ಟು, ಆಶಾ ಅವರನ್ನೂ ಕಳಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯದು. ಎರಡನ್ನೂ ಒಂದಾದ ಮೇಲೊಂದು ಜೋಡಿಸಿ ಹಂಚಿ, ಒಂದು ಊರಿಗೆ ಅ, ಇನ್ನೊಂದು ಊರಿಗೆ ಆ ಮಾಡಬೇಡಿ.

ಎಷ್ಟು ಜನ ಬೇಕು? ಒಂದು ಆವೃತ್ತಿಯಲ್ಲಿ 30%, ಇನ್ನೊಂದರಲ್ಲಿ 50% ‘ಹೌದು’ ಬರುವಷ್ಟು ದೊಡ್ಡ ಅಂತರವಾದರೆ, 80% ಸಾಮರ್ಥ್ಯದಲ್ಲಿ (ಅಂತರ ನಿಜಕ್ಕೂ ಇದ್ದರೆ ಹತ್ತರಲ್ಲಿ ಎಂಟು ಸಲ ಸಿಗುವಂತೆ) ಹಿಡಿಯಲು ಒಂದೊಂದು ಗುಂಪಿಗೆ ಸುಮಾರು 95 ಜನ. 30ಕ್ಕೂ 40ಕ್ಕೂ ನಡುವಿನ ಅಂತರವಾದರೆ ಒಂದೊಂದಕ್ಕೆ 350 ದಾಟುತ್ತದೆ. ಮೂವತ್ತು ಮೂವತ್ತು ಜನರ ಮೇಲೆ ಮಾಡಿ ‘ವ್ಯತ್ಯಾಸ ಕಾಣಲಿಲ್ಲ’ ಎಂದು ಬರೆದ ಪ್ರಬಂಧಗಳನ್ನು ಬದಿಗಿಡಬಹುದು. ತಾಳೆ ನೋಡಲು ದಾಖಲೆ ಇದ್ದರೆ ಇನ್ನೂ ಒಳ್ಳೆಯದು: ಹಾಜರಿ ಪುಸ್ತಕ, ಡೇರಿಯ ಚೀಟಿ, ತಂಬಾಕಿಗೆ ಕೊಟಿನಿನ್ ಪರೀಕ್ಷೆ (ದೇಹದಲ್ಲಿ ನಿಕೋಟಿನ್‌ನ ಜಾಡು ನೋಡುವುದು). ಒಬ್ಬೊಬ್ಬರದ್ದಲ್ಲ, ಗುಂಪಿನ ಒಟ್ಟು ಲೆಕ್ಕವನ್ನು ಮಾತ್ರ ತಾಳೆ ಹಾಕಿ, ಇಲ್ಲದಿದ್ದರೆ ಕೊಟ್ಟ ಮಾತು ಮುರಿದಂತೆ.

ಏನು ಮಾಡಿದರೂ ಬಾರದ ಪ್ರಶ್ನೆಗೆ: ದಾಳ

ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಪ್ರಕಟಿಸಿದ ಉಪಾಯದ ಮೂಲ ಇಷ್ಟೇ: ಉತ್ತರಕ್ಕೆ ಅದೃಷ್ಟವನ್ನು ಬೆರೆಸಿಬಿಡಿ, ಆಗ ಯಾರ ‘ಹೌದು’ ನಿಜದ್ದು ಎಂದು ಕೇಳಿದವರಿಗೂ ತಿಳಿಯುವುದಿಲ್ಲ. ಅವರ ಮೂಲ ವಿನ್ಯಾಸದಲ್ಲಿ, ಪ್ರಶ್ನೆಗೆ ಉತ್ತರಿಸಬೇಕೋ ಅದರ ಉಲ್ಟಾ ರೂಪಕ್ಕೋ ಎಂದು ಅದೃಷ್ಟವೇ ಗುಟ್ಟಾಗಿ ತೀರ್ಮಾನಿಸುತ್ತದೆ. ಅದಕ್ಕಿಂತ ನಂತರ ಬಂದ ‘ಕಡ್ಡಾಯ ಉತ್ತರ’ದ ರೂಪ ನಮ್ಮ ಹಳ್ಳಿಗಳಿಗೆ ಸರಿಹೊಂದುತ್ತದೆ, ಲೂಡೋ ದಾಳ ಎಲ್ಲರಿಗೂ ಗೊತ್ತು.

ಸ್ಟೀಲ್ ಲೋಟದೊಳಗೆ ದಾಳ ಹಾಕಿ ಅವರ ಕೈಗೆ ಕೊಡಿ. ಅಲ್ಲಾಡಿಸಿ, ಒಳಗೆ ತಾವೊಬ್ಬರೇ ನೋಡಿಕೊಳ್ಳಲಿ. 1 ಬಿದ್ದರೆ ಏನೇ ಇರಲಿ ‘ಹೌದು’ ಅನ್ನಬೇಕು. 6 ಬಿದ್ದರೆ ಏನೇ ಇರಲಿ ‘ಇಲ್ಲ’. 2ರಿಂದ 5ರವರೆಗೆ ಬಿದ್ದರೆ ನಿಜ ಹೇಳಬೇಕು. ಪ್ರಶ್ನೆ: ‘ಒಂದು ಕಡೆಯ ಕಂತು ಕಟ್ಟೋಕೆ ಇನ್ನೊಂದು ಕಡೆ ಸಾಲ ಮಾಡಿದ್ದೀರಾ?’

300 ಜನರಲ್ಲಿ 116 ‘ಹೌದು’ ಬಂದವು ಎನ್ನೋಣ. ಅವುಗಳಲ್ಲಿ 300ರ ಆರನೇ ಒಂದು ಪಾಲು, ಅಂದರೆ 50ರ ಹತ್ತಿರದ ‘ಹೌದು’ ದಾಳದ್ದು. ಉಳಿದ 66 ನಿಜದ್ದು. ನಿಜ ಹೇಳಬೇಕಾದವರು 200. ಹಾಗಾದರೆ 66ನ್ನು 200ರಿಂದ ಭಾಗಿಸಿ: 33%. ಬೆಲೆ ತೆರಬೇಕಾದದ್ದು ನಿಖರತೆಯಲ್ಲಿ. ನೇರವಾಗಿ ಕೇಳಿ 33% ಬಂದಿದ್ದರೆ ಏರುಪೇರು ಆಚೀಚೆ ಸುಮಾರು 5 ಶೇಕಡಾ ಅಂಶ. ದಾಳದಲ್ಲಿ 8 ಅಂಶ, ಅಂದರೆ ಅದೇ ನಿಖರತೆಗೆ ಎರಡೂವರೆ ಪಟ್ಟು ಹತ್ತಿರ ಜನ ಬೇಕು. ವಾರ್ನರ್ ಅವರ ಮೂಲ ವಿನ್ಯಾಸವನ್ನು 70:30ರ ಚೀಟಿಗಳಲ್ಲಿ ಮಾಡಿದರೆ 14 ಅಂಶ, ಸುಮಾರು ಏಳು ಪಟ್ಟು ಜನ. ಎಂಎಸ್‌ಡಬ್ಲ್ಯೂ ಪ್ರಬಂಧದ 120 ಜನರಿಗೆ ಇದು ಆಗದ ಮಾತು.

ದಾಳ ಕೆಡುವ ಬಗೆಯೂ ಒಂದಿದೆ. 300ರಲ್ಲಿ ‘ಹೌದು’ 38 ಮಾತ್ರ ಬಂದರೆ ಲೆಕ್ಕ ಋಣಾತ್ಮಕವಾಗುತ್ತದೆ. ಆಕಸ್ಮಿಕ ಇರಬಹುದಾದರೂ ಹೆಚ್ಚಿನ ಸಲ, 1 ಬಿದ್ದವರು ‘ಹೌದು’ ಅನ್ನಲು ಒಪ್ಪಿಲ್ಲ ಎಂದರ್ಥ. ಕುಡಿಯದ ಹೆಂಗಸಿಗೆ, ದಾಳ ಹೇಳಿತೆಂದು ‘ಕುಡೀತೀನಿ’ ಅನ್ನುವುದು ಬಾಯಿಗೆ ಬರುವುದಿಲ್ಲ. ಪ್ರಾಮಾಣಿಕರೇ ಇಲ್ಲಿ ನಿಯಮ ಮುರಿಯುತ್ತಾರೆ. ಹೌದು, ಇಲ್ಲ ತೆಗೆದು ‘ನೀಲಿ’, ‘ಹಳದಿ’ ಎನ್ನಿಸಿ. ಶುರುವಿಗೆ ಮುಂಚೆ ‘ಬೆಳಿಗ್ಗೆ ಮುದ್ದೆ ತಿಂದ್ರಾ?’ ಎಂದು ಮೂರು ಸಲ ಅಭ್ಯಾಸದ ಆಟ ಆಡಿಸಿ.

ಹುಟ್ಟಿದ ತಿಂಗಳನ್ನು ದಾಳದ ಬದಲು ಬಳಸುವ ವಿಧಾನಗಳೂ ಇವೆ. ‘ನಿಮ್ಮ ತಾಯಿ ಜನವರಿಯಿಂದ ಮಾರ್ಚ್ ಒಳಗೆ ಹುಟ್ಟಿದವರೇ’ ಎಂಬುದಕ್ಕೆ ಕಾಲುಭಾಗ ಹೌದು ಬರುತ್ತದೆ ಎಂಬ ಊಹೆಯ ಮೇಲೆ ಅವು ನಿಂತಿವೆ. ಇಲ್ಲಿ ಬಳಸಬೇಡಿ. ವರ್ಷ ಮಾತ್ರ ಹೇಳಿದ ಹಿರಿಯರ ಆಧಾರ್‌ನಲ್ಲಿ ಜನವರಿ 1 ಇರುತ್ತದೆ, ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದದ್ದು ಜೂನ್ 1. ಲೆಕ್ಕ ಬುಡದಲ್ಲೇ ತಪ್ಪುತ್ತದೆ.

ದಾಳವೂ ಒಗ್ಗದಿದ್ದರೆ ಪಟ್ಟಿ ಎಣಿಕೆ. ಅರ್ಧ ಜನರಿಗೆ ನಾಲ್ಕು ಸಾಧಾರಣ ವಾಕ್ಯ, ಉಳಿದರ್ಧಕ್ಕೆ ಅದೇ ನಾಲ್ಕರ ಜೊತೆ ಸೂಕ್ಷ್ಮವಾದ ಐದನೆಯದು. ಯಾವುದು ಎನ್ನದೆ ‘ಎಷ್ಟು ನಿಜ’ ಎಂದಷ್ಟೇ ಕೇಳುವುದು. ಸರಾಸರಿ 1.85 ಮತ್ತು 2.13 ಬಂದರೆ ವ್ಯತ್ಯಾಸ 28%. ನಾಲ್ಕೂ ಎಲ್ಲರಿಗೂ ನಿಜವಾಗುವಂಥ ವಾಕ್ಯ (ರಾಗಿ ತಿನ್ನುತ್ತೇನೆ, ಫೋನ್ ಇದೆ) ಇಟ್ಟರೆ ‘ಐದು’ ಎಂದವರ ಗುಟ್ಟು ಬಯಲು. ಒಂದು ಅಪರೂಪದ್ದು, ಒಂದು ಸಾಮಾನ್ಯದ್ದು ಬೆರೆಸಿ.

ಎರಡು ಸುತ್ತಿನ ಸರ್ವೆಯಲ್ಲಿ ಜೋಡಿಸುವುದು

ಆರು ತಿಂಗಳ ನಂತರ ಅದೇ ವ್ಯಕ್ತಿಯ ಫಾರಂ ಬೇಕಾದರೆ ಅವರೇ ಕಟ್ಟುವ ಗುಪ್ತಸಂಕೇತ ಕೇಳಿ: ತಾಯಿಯ ಹೆಸರಿನ ಮೊದಲ ಅಕ್ಷರ, ಅಣ್ಣಂದಿರ ಸಂಖ್ಯೆ, ಅಕ್ಕಂದಿರ ಸಂಖ್ಯೆ, ತಾಯಿಯ ತವರೂರಿನ ಮೊದಲ ಅಕ್ಷರ. ಮೊಬೈಲಿನ ಕೊನೆಯ ಅಂಕಿಗಳು ಬೇಡ, ಅದರಿಂದ ಮತ್ತೆ ಅನುಮಾನ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮುನಿಯಮ್ಮ, ವೆಂಕಟಮ್ಮ, ನಾರಾಯಣಮ್ಮ, ಲಕ್ಷ್ಮಮ್ಮ ಎಂಬ ಹೆಸರುಗಳೇ ಮತ್ತೆ ಮತ್ತೆ ಬರುವುದರಿಂದ ಮೊದಲ ಎರಡು ಅಕ್ಷರ ತೆಗೆದುಕೊಳ್ಳಿ, ಗುಣಿತದ ಸಮೇತ: ‘ಮುನಿ’, ‘ಮ’ ಅಲ್ಲ. ಮೊದಲ ಸಲ ‘ಲಕ್ಷ್ಮ’, ಎರಡನೇ ಸಲ ‘ಲಚ್ಚ’ ಎಂದು ಬರೆಯುವವರೂ ಇರುವುದರಿಂದ ಜೋಡಿಸುವಾಗ ಒಂದು ಅಂಶ ತಪ್ಪಿದರೂ ಕೈಯಿಂದ ಪರಿಶೀಲಿಸಿ.

ಅನಾಮಿಕ ಮಾಡಬಾರದ ಕಡೆ

ಖಿನ್ನತೆಯ ಪ್ರಶ್ನಾವಳಿ ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅನಾಮಿಕ ಫಾರಂನಲ್ಲಿ ಅದಕ್ಕೆ ‘ಹೆಚ್ಚುಕಮ್ಮಿ ದಿನಾ’ ಎಂಬ ಗುರುತು ಬಂದರೆ, ಅದು ಯಾರದ್ದೆಂದು ಹುಡುಕಲು ದಾರಿಯೇ ಇಲ್ಲ. ಆ ಪ್ರಶ್ನೆ ಕೇಳಲೇಬೇಕಿದ್ದರೆ ಅನಾಮಿಕ ಬಿಟ್ಟು ಗೋಪ್ಯಕ್ಕೆ ಬನ್ನಿ, ಫಾರಂಗಳನ್ನು ಅದೇ ದಿನ ಸಂಜೆ ತೆರೆದು ನೋಡಿ, ಇಲ್ಲವೇ ಪ್ರಶ್ನೆಯನ್ನು ತೆಗೆದುಬಿಡಿ. ಎರಡರಲ್ಲೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಅನ್ನು ಎಲ್ಲರೂ ಹರಿದು ಜೇಬಿಗೆ ಹಾಕಿಕೊಳ್ಳುವ ಹಾಗೆ ಕೊನೆಯ ತುಂಡಿನಲ್ಲಿ ಅಚ್ಚು ಹಾಕಿಸಿ. ಕಷ್ಟದಲ್ಲಿರುವವರಿಗೆ ಮಾತ್ರ ಕೊಟ್ಟರೆ ಅದೇ ಅವರ ಗುರುತಾಗುತ್ತದೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಇನ್ನೂ ಬಿಗಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅಂಥ ಅಪರಾಧ ಗೊತ್ತಾದವರು ವರದಿ ಮಾಡಲೇಬೇಕು. ‘ಯಾರಿಗೂ ಹೇಳಲ್ಲ’ ಎಂದು 18 ದಾಟದ ಮಕ್ಕಳಿಗೆ ಮಾತು ಕೊಟ್ಟು, ಆಮೇಲೆ ಹೇಳಬೇಕಾಗಿ ಬರುವ ಸ್ಥಿತಿ ತಂದುಕೊಳ್ಳಬೇಡಿ. ಯಾವುದನ್ನು ಗುಟ್ಟಾಗಿ ಇಡುತ್ತೀರಿ, ಯಾವುದನ್ನು ಹೇಳಲೇಬೇಕಾಗುತ್ತದೆ ಎಂದು ಪ್ರಶ್ನೆ ಶುರುಮಾಡುವ ಮುಂಚೆ ಮಕ್ಕಳಿಗೆ ಅರ್ಥವಾಗುವ ಎರಡು ವಾಕ್ಯದಲ್ಲಿ ಹೇಳಿ. ಬೆಳೆ, ಕೊಳವೆಬಾವಿ ಕೇಳುವ ಫಾರಂ ಥರ ಇದನ್ನು ಪರೀಕ್ಷಾರ್ಥವಾಗಿ ಹಂಚಿ ನೋಡುವಂತಿಲ್ಲ. ಆ ಎರಡು ವಾಕ್ಯ ನೈತಿಕ ಸಮಿತಿಯ ಮುಂದೆ ಹೋಗಿ ಬಂದ ಮೇಲೆಯೇ ಶಾಲೆಯ ಗೇಟು ದಾಟಬೇಕು.